ಬಟ್ಟೆ ಒಗೆಯುವ ಕೋಣೆಗೆ ಕಪಾಟು ಕೂರಿಸುವ ಮುನ್ನ ಇದನ್ನು ಓದಿ

ಕಲಬುರಗಿಯ ಸೇಡಂ ರಸ್ತೆಯ ಕಡೆಗಿರುವ ನಮ್ಮ ಮನೆಯಲ್ಲಿ ಹಿತ್ತಲಿಗೆ ಹೊಂದಿಕೊಂಡು ಆರು ಅಡಿ ಅಗಲ, ಎಂಟು ಅಡಿ ಉದ್ದದ ಬಟ್ಟೆ ಒಗೆಯುವ ಕೋಣೆಯೊಂದಿದೆ. ದೀಪಾವಳಿಗೆ ಮೊದಲು ಅದನ್ನು ಅಂದಗಾಣಿಸಲು 1,35,000 ರೂಪಾಯಿ ಖರ್ಚು ಮಾಡಿದೆವು. ಯುಗಾದಿಯ ಹೊತ್ತಿಗೆ ಮಾಡಿಸಿದ್ದರಲ್ಲಿ ಮುಕ್ಕಾಲು ಪಾಲನ್ನು ಕಿತ್ತು ಮಾಳಿಗೆಯ ಮೇಲೆ ಒಟ್ಟಬೇಕಾಯಿತು. ಗುತ್ತಿಗೆದಾರರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ಮಾಡಿದ ತಪ್ಪುಗಳಲ್ಲಿ ಅರ್ಧಕ್ಕೆ ನಾವೇ ತಲೆಯಾಡಿಸಿದ್ದೆವು.

ಮೊದಲು ಆ ಕೋಣೆಯಲ್ಲಿ ಇದ್ದದ್ದು ಇಷ್ಟೇ: ನೆಲಕ್ಕೆ ಶಹಾಬಾದಿ ಫರ್ಶಿ, ಮೂಲೆಯಲ್ಲಿ ಅತ್ತೆಯವರ ಕಾಲದ ಒಗೆಯುವ ಕಲ್ಲು, ಒಂದು ನಳ, ಒಂದು ಕಿಟಕಿ, ಗೋಡೆಗೆ ಆತು ನಿಂತ ಮಷಿನ್. ನೋಡಲು ಚೆಲುವಾಗಿರಲಿಲ್ಲ ನಿಜ, ಆದರೆ ಎಷ್ಟು ನೀರು ಚೆಲ್ಲಿದರೂ ಅದು ತಾನಾಗಿ ಮೋರಿಯ ಕಡೆಗೆ ಹರಿದುಹೋಗುತ್ತಿತ್ತು. ಮೊಬೈಲಿನಲ್ಲಿ ಬಿಳಿಯ ಕಪಾಟುಗಳು, ಬಾಗಿಲ ಹಿಂದೆ ಅಡಗಿ ಕೂತ ಮಷಿನ್, ಸಾಲಾಗಿ ಜೋಡಿಸಿದ ಬುಟ್ಟಿಗಳ ಚಿತ್ರಗಳನ್ನು ನೋಡಿ ನೋಡಿ ನನಗೂ ಅಂಥದ್ದೇ ಬೇಕೆನ್ನಿಸಿತು. ಗುತ್ತಿಗೆದಾರರು ಅಳತೆ ತೆಗೆದುಕೊಂಡು, ಕೈಯಲ್ಲಿ ಹಲಗೆಯ ಒಂದು ಚಿಕ್ಕ ತುಂಡು ಹಿಡಿದು, "ಅಕ್ಕೋರೆ, ಇದು ವಾಟರ್‌ಪ್ರೂಫ್ ಅದರಿ, ನೀರಾಗ ಮುಳುಗ್ಸಿ ಇಟ್ರೂ ಏನೂ ಆಗಂಗಿಲ್ರಿ" ಎಂದರು. ಆ ತುಂಡನ್ನು ಅವರು ಮತ್ತೆ ಚೀಲಕ್ಕೆ ಹಾಕಿಕೊಂಡು ಹೋದದ್ದನ್ನು ನಾನು ಅಂದು ಗಮನಿಸಲಿಲ್ಲ.

ಹದಿನೆಂಟು ದಿನಗಳಲ್ಲಿ ಕೆಲಸ ಮುಗಿಯಿತು. ಫರ್ಶಿಯ ಮೇಲೆ ಮಿರಮಿರನೆ ಮಿಂಚುವ ಟೈಲ್ಸ್ ಬಂತು, ಒಗೆಯುವ ಕಲ್ಲು ಹೊರಗೆ ಹೋಯಿತು, ಕಿಟಕಿ ಉದ್ದನೆಯ ಕಪಾಟಿನ ಹಿಂದೆ ಮರೆಯಾಯಿತು. ನಳ, ಮಷಿನ್ನಿಗೆ ನೀರು ತರುವ ಪೈಪು, ಪ್ಲಗ್ಗು, ನೆಲದ ನೀರು ಮೋರಿಗೆ ಇಳಿಯುವ ನಹಾನಿ ಟ್ರ್ಯಾಪ್ ಎಲ್ಲವೂ ಹಲಗೆಗಳ ಬೆನ್ನಿಗೆ ಸೇರಿಕೊಂಡವು. ಬಂದ ನೆಂಟರೆಲ್ಲ ಬಾಗಿಲು ತೆರೆದು ನೋಡಿ ಹೊಗಳಿದ್ದೂ ಉಂಟು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅತ್ತೆಯವರು, "ಕಪಾಟಿನಾಗ ಏನೋ ಮುಗ್ಗಲು ನಾತ ಹೊಡಿಲತ್ತದ ನೋಡವ್ವ" ಎಂದರು. ಒದ್ದೆ ಬಟ್ಟೆ ಉಳಿದಿರಬೇಕೆಂದು ನಾನು ಅದನ್ನು ಅಷ್ಟಕ್ಕೇ ಬಿಟ್ಟೆ. ವಾರದ ಬಳಿಕ ಮಷಿನ್ ಪಕ್ಕದ ಕಪಾಟಿನ ಬಾಗಿಲು ಮುಚ್ಚದಾಯಿತು. ಅಡಿಗೆ ಬಗ್ಗಿ ನೋಡಿದರೆ ಹಲಗೆಯ ಅಂಚಿಗೆ ಅಂಟಿಸಿದ್ದ ಪಟ್ಟಿ ಬಿಟ್ಟುಕೊಂಡು, ಒಳಗಿನ ಮರದ ಹೊಟ್ಟು ತೋಯ್ದ ರವೆಯಂತೆ ಹೊರಬಂದಿತ್ತು. ಬೆರಳಿನಿಂದ ಒತ್ತಿದರೆ ಉದುರುತ್ತಿತ್ತು. ಹದಿನೆಂಟು ಮಿಲಿಮೀಟರಿನ ಹಲಗೆ ಕೆಳತುದಿಯಲ್ಲಿ ಇಪ್ಪತ್ತೈದಕ್ಕೆ ಊದಿಕೊಂಡಿತ್ತು. ಮಷಿನ್ ಎಳೆಯಿಸಿ ನೋಡಿದಾಗ ಕಾರಣ ತಿಳಿಯಿತು: ನಳಕ್ಕೆ ಪೈಪು ಸೇರುವ ಜಾಗದಲ್ಲಿ ಬಿಳಿಯ ಸುಣ್ಣದ ಗಡ್ಡೆ ಕಟ್ಟಿ, ರಬ್ಬರ್ ವಾಷರ್ ಸೀಳಿ, ಹನಿ ಹನಿಯಾಗಿ ನೀರು ಜಿನುಗುತ್ತಿತ್ತು. ಎಷ್ಟು ದಿನಗಳಿಂದ ಜಿನುಗಿತ್ತೋ, ಹಲಗೆಯ ಮರೆಯಲ್ಲಿದ್ದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನಮ್ಮ ಸೀಮೆಯವರು ನೀರಿನ ಮಾತನ್ನು ಲಘುವಾಗಿ ತೆಗೆದುಕೊಳ್ಳಬಾರದು. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ನೆಲದಡಿ ಸುಣ್ಣಕಲ್ಲಿನ ಹಾಸೇ ಇದೆ. ಸಿಮೆಂಟ್ ಕಾರ್ಖಾನೆಗಳು ಅಲ್ಲಿಗೆ ಬಂದದ್ದೂ ಅದನ್ನು ನೆಚ್ಚಿಯೇ. ಭೀಮಾ ನದಿಯ ನಳದ ನೀರನ್ನು ಕುಡಿಯಲು, ಅಡುಗೆಗೆ ಹಿಡಿದಿಟ್ಟು, ಒಗ್ಯಾಣಕ್ಕೆ ಕೊಳವೆಬಾವಿಯ ಸವಳು ನೀರನ್ನು ಬಳಸುವ ಮನೆ ನಮ್ಮದು. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಪ್ರಕಾರ ಗಡಸುತನ, ಅಂದರೆ ನೀರಿನಲ್ಲಿ ಕರಗಿದ ಸುಣ್ಣದಂಥ ಲವಣಗಳ ಅಂಶ, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದಲ್ಲಿ 600ರವರೆಗೆ ಸೈರಿಸಬಹುದು. ಪರೀಕ್ಷೆ ಮಾಡಿಸಿದಾಗ ನಮ್ಮ ಕೊಳವೆಬಾವಿಯದು 780 ಬಂತು. ಇಂಥ ನೀರು ಕೀಲುಗಳಲ್ಲಿ ಉಪ್ಪುಗಟ್ಟುತ್ತದೆ, ಮಷಿನ್ ಒಳಗೆ ಬಿಸಿಯಾದಾಗ ಸುಣ್ಣ ಬಿಟ್ಟು ಹೀಟರಿನ ಸುರುಳಿಗೆ ಅಂಟುತ್ತದೆ, ಪೈಪಿನ ಬಾಯಿಯ ಸಣ್ಣ ಜಾಲರಿಯನ್ನು ತುಂಬುತ್ತದೆ. ಆ ಜಾಲರಿಯನ್ನು ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಬೇಕು. ನಮ್ಮಲ್ಲಿ ಅದನ್ನು ಮುಟ್ಟಬೇಕಾದರೆ ಹನ್ನೆರಡು ಸ್ಕ್ರೂ ಬಿಚ್ಚಿ ಹಿಂದಿನ ಹಲಗೆ ತೆಗೆಯಬೇಕಾಗಿತ್ತು. ಆದ್ದರಿಂದ ನಾಲ್ಕು ತಿಂಗಳಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ.

ಹಲಗೆಯ ವಿಷಯ ಇನ್ನೂ ಕೆಟ್ಟದ್ದು. ವಾಟರ್‌ಪ್ರೂಫ್ ಪ್ಲೈವುಡ್ ಎಂದು ಲೆಕ್ಕ ಹಾಕಿದ್ದರು. ಹಾಕಿದ್ದು ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮೇಲೆ ಬಿಳಿಯ ಹಾಳೆ ಹೊದಿಸಿದ ಪಾರ್ಟಿಕಲ್ ಬೋರ್ಡ್. ನೀರಿಗೆ ತಾಳುವ ಮೆರೈನ್ ಪ್ಲೈವುಡ್ ಮೇಲೆ ಐಎಸ್‌ಐ ಗುರುತಿನ ಜೊತೆಗೆ 710 ಎಂಬ ಸಂಖ್ಯೆ ಅಚ್ಚಾಗಿರುತ್ತದೆ. ಹಾಳೆ ಹೊದಿಸಿದ ಪಾರ್ಟಿಕಲ್ ಬೋರ್ಡಿನ ಮಾನಕ ಸಂಖ್ಯೆ 12823. ಗಾಡಿಯಿಂದ ಹಲಗೆ ಇಳಿಸುವಾಗಲೇ, ಕೊಯ್ಯುವ ಮುಂಚೆ, ಆ ಅಚ್ಚನ್ನು ಕಣ್ಣಾರೆ ನೋಡಿ ಫೋಟೊ ತೆಗೆದಿಟ್ಟುಕೊಳ್ಳಿ. ಕೊಯ್ದು ಬಾಗಿಲಾದ ಮೇಲೆ ಎರಡೂ ಒಂದೇ ರೀತಿ ಬೆಳ್ಳಗೆ ಹೊಳೆಯುತ್ತವೆ.

ನೆಲದ ಕಥೆಯನ್ನೂ ಹೇಳಬೇಕು. ಗೌಂಡಿ ಹಳೆಯ ಫರ್ಶಿಯನ್ನು ತೆಗೆಯದೆ ಅದರ ಮೇಲೆಯೇ ಟೈಲ್ಸ್ ಕೂರಿಸಿ, ನೋಟಕ್ಕೆ ಚೆನ್ನಾಗಿರಲೆಂದು ಸಮತಟ್ಟು ಮಾಡಿದ್ದರು. ಒಗೆಯುವ ಕೋಣೆಯ ನೆಲಕ್ಕೆ ಹತ್ತು ಅಡಿಗೆ ಒಂದೂವರೆ ಇಂಚಿನಷ್ಟಾದರೂ ಇಳಿಜಾರು ಬೇಕು. ನಮ್ಮ ಕೋಣೆಯಲ್ಲಿ ಒಂದು ಚೊಂಬು ನೀರು ಸುರಿದು ನೋಡಿದಾಗ ಅದು ಟ್ರ್ಯಾಪಿಗೆ ಬೆನ್ನು ತಿರುಗಿಸಿ ನೇರವಾಗಿ ಕಪಾಟಿನ ಬುಡಕ್ಕೆ ಹೋಯಿತು. ಗೌಂಡಿಯ ಎದುರಿಗೇ ಈ ಚೊಂಬು ನೀರಿನ ಪರೀಕ್ಷೆ ಮಾಡಿ, ಆಮೇಲೆ ಹಣ ಕೊಡಿ. ಟೈಲ್ಸಿನ ಸಂದಿಯಲ್ಲಿ ಕೂತ ಸಿಮೆಂಟ್ ತೆಗೆಯಲು ಆ್ಯಸಿಡ್ ತಂದ ಅವರು ಉಳಿದ ಬಾಟಲಿಯನ್ನು ಸಾಬೂನಿನ ಕಪಾಟಿನಲ್ಲೇ ಬಿಟ್ಟು ಹೋಗಿದ್ದರು. ಅದರ ಹಬೆಗೆ ಬಾಗಿಲುಗಳ ಹೊಸ ಕೀಲುಗಳೆಲ್ಲ ತುಕ್ಕು ಹಿಡಿದವು. ಶಹಾಬಾದಿ ಫರ್ಶಿ ಸುಣ್ಣಕಲ್ಲೇ ಆದ್ದರಿಂದ ಆ್ಯಸಿಡ್ ಅದನ್ನೂ ತಿನ್ನುತ್ತದೆ, ಆ ಕಲ್ಲಿರುವ ಮನೆಯವರು ಬಾಟಲಿಯನ್ನು ಒಳಗೇ ತರದಿರುವುದು ಒಳ್ಳೆಯದು.

ಎಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಕರೆಂಟು. ಒದ್ದೆ ಕೈಯಲ್ಲಿ ಮಷಿನ್ನಿನ ಮೈ ಮುಟ್ಟಿದಾಗ ಜುಮ್ಮೆನ್ನುತ್ತಿತ್ತು. ಬಲ್ಲ ಎಲೆಕ್ಟ್ರಿಷಿಯನ್ ಒಬ್ಬರು ಬಂದು ತೆರೆದರೆ, ಪ್ಲಗ್ಗನ್ನು ಕಪಾಟಿನ ಒಳಕ್ಕೆ ಸರಿಸುವಾಗ ಗುತ್ತಿಗೆದಾರರ ಕಡೆಯವರು ಎರಡೇ ತಂತಿ ಎಳೆದು ಅರ್ಥಿಂಗ್ ಬಿಟ್ಟಿದ್ದರು. ಅದೂ ನಳದ ನೇರ ಕೆಳಗೆ, 6 ಆಂಪಿಯರ್ ಸಾಕೆಟ್. ನೀರು ಕಾಯಿಸುವ ಮಷಿನ್ 2,000 ವ್ಯಾಟ್ ಎಳೆಯುತ್ತದೆ, 230 ವೋಲ್ಟಿನಲ್ಲಿ ಅದು ಒಂಬತ್ತು ಆಂಪಿಯರಿಗೆ ಹತ್ತಿರ. ಈಗ 16 ಆಂಪಿಯರಿನ ಸಾಕೆಟ್ಟನ್ನು ನಳದಿಂದ ದೂರದ ಗೋಡೆಯಲ್ಲಿ ಎತ್ತರಕ್ಕೆ ಹಾಕಿಸಿ, ಅರ್ಥಿಂಗ್ ಸರಿಪಡಿಸಿ, 30 ಮಿಲಿಆಂಪಿಯರ್ ಕರೆಂಟು ಸೋರಿದರೂ ತಾನಾಗಿ ಬಿದ್ದು ಕರೆಂಟು ಕಡಿಯುವ ಆರ್‌ಸಿಸಿಬಿ ಸ್ವಿಚ್ಚು ಕೂರಿಸಿದ್ದೇವೆ. ಮನೆಯಲ್ಲಿ ಮಕ್ಕಳಿದ್ದಾರೆ, ಆ ದಿನಗಳನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಕಿಟಕಿ ಮುಚ್ಚಿದ್ದಂತೂ ನನ್ನದೇ ದಡ್ಡತನ. ಏಪ್ರಿಲಿನಲ್ಲಿ ಎರಡನೆಯ ಬಕೇಟಿನ ಬಟ್ಟೆ ಹಿಂಡುವಷ್ಟರಲ್ಲಿ ಮೊದಲನೆಯದು ಮಾಳಿಗೆಯ ಮೇಲೆ ಒಣಗುವ ಊರಿನಲ್ಲಿದ್ದುಕೊಂಡು, ಚಿತ್ರದಲ್ಲಿದೆ ಎಂಬ ಒಂದೇ ಕಾರಣಕ್ಕೆ ಒಳಗೆ ಬಟ್ಟೆ ಒಣಹಾಕುವ ಕೋಲು ಕಟ್ಟಿಸಿದ್ದೆ. ಅದರ ತೇವವೆಲ್ಲ ಆ ಹಲಗೆಗಳೇ ಕುಡಿದವು.

ಗುತ್ತಿಗೆದಾರರು ಎರಡು ಸಲ ಬಂದು ನೋಡಿ, ನೀರು ಸೋರಿದ್ದು ತಮ್ಮ ಹೊಣೆಯಲ್ಲವೆಂದರು; ಮೂರನೆಯ ಸಲ ಫೋನ್ ಎತ್ತಲಿಲ್ಲ. ಕೆಲಸ ಮುಗಿಯುವ ಮುನ್ನವೇ ನೂರಕ್ಕೆ ತೊಂಬತ್ತು ಪಾಲು ಕೊಟ್ಟಿದ್ದೆವು, ಪಕ್ಕಾ ಬಿಲ್ ಕೇಳಿರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳ ಒಳಗೆ ದೂರು ಕೊಡಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ, ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ನಮ್ಮ ಕೈಯಲ್ಲಿರುವುದು ಹಣ ಕಳಿಸಿದ ದಾಖಲೆ ಮತ್ತು ವಾಟ್ಸಾಪ್ ಮಾತುಕತೆ ಮಾತ್ರ; ಅವುಗಳ ಬಲದ ಮೇಲೆಯೇ ದೂರು ಸಿದ್ಧಪಡಿಸುತ್ತಿದ್ದೇವೆ. ಹಲಗೆಯ ಹೆಸರು, ಸಂಖ್ಯೆ, ದಪ್ಪ ಇವನ್ನು ಬರೆಸಿ ಸಹಿ ಹಾಕಿಸಿಕೊಂಡಿದ್ದರೆ ಈ ಪಾಡು ಬರುತ್ತಿರಲಿಲ್ಲ.

ಈಗ ಕಿಟಕಿ ತೆರೆದಿದೆ. ಟೈಲ್ಸ್ ಕೀಳಿಸಿ ನೆಲಕ್ಕೆ ಮತ್ತೆ ಇಳಿಜಾರು ಕೊಡಿಸಿದ್ದೇವೆ, ಮಷಿನ್ ಬಯಲಿಗೇ ನಿಂತಿದೆ, ನಳವೂ ಪೈಪೂ ಕಣ್ಣಿಗೆ ಕಾಣುತ್ತವೆ. ಸಾಬೂನು, ಬುಟ್ಟಿಗಳಿಗೆಂದು ಗೋಡೆಯಲ್ಲಿ ಶಹಾಬಾದಿ ಕಲ್ಲಿನ ಎರಡು ಹಲಗೆ ಕೂರಿಸಿಯಾಗಿದೆ. ಇಸ್ತ್ರಿ ಬಟ್ಟೆಗೆ ಮಾತ್ರ ಎತ್ತರದಲ್ಲಿ ಒಂದು ಚಿಕ್ಕ ಕಪಾಟು ಬೇಕಿತ್ತು. ಹೊಸ ಬಡಿಗೇರರು ತೋರಿಸಲು ತಂದ ಪ್ಲೈವುಡ್ ತುಂಡನ್ನು ಕೇಳಿ ಇಸಿದುಕೊಂಡು, ಮಾಳಿಗೆಯ ಮೇಲಿನ ಹಳೆಯ ಹಲಗೆಯಿಂದಲೂ ಅಷ್ಟೇ ದೊಡ್ಡ ತುಂಡು ಕೊಯ್ಯಿಸಿ, ಎರಡನ್ನೂ ಒಂದೇ ಬಕೇಟಿನ ನೀರಿನಲ್ಲಿ ಕಲ್ಲು ಹೇರಿ ರಾತ್ರಿಯಿಡೀ ಮುಳುಗಿಸಿಟ್ಟೆ. ಬೆಳಿಗ್ಗೆ ಪ್ಲೈವುಡ್ ಹೇಗಿತ್ತೋ ಹಾಗೇ ಇತ್ತು. ಇನ್ನೊಂದನ್ನು ಎತ್ತಲು ಹೋದಾಗ ಬಿಳಿಯ ಹಾಳೆ ಮಾತ್ರ ಕೈಗೆ ಬಂತು.