ಒಂದೇ ಸಬ್‌ವೂಫರ್, ಒಂದೂವರೆ ವರ್ಷ: ಡಗ್ಗಾ ಕೊನೆಗೂ ಮನೆಗೆ ಬಂತು

ನನ್ನ ಪುಟ್ಟ ಸ್ಪೀಕರ್ ಜೋಡಿಯಲ್ಲಿ ಬಲಗೈಯ ತಬಲಾ ಮುತ್ತಿನಂತೆ ಕೇಳುತ್ತಿತ್ತು, ಎಡಗೈಯ ಡಗ್ಗಾ ಮಾತ್ರ ತಗಡು ಬಡಿದಂತೆ. ಕಲಬುರಗಿಯ ಭಜನೆಗಳಲ್ಲಿ ಡಗ್ಗಾದ ಪಕ್ಕವೇ ಕುಳಿತು ಬೆಳೆದವನು ನಾನು, ಇದನ್ನು ಸಹಿಸಲಾಗಲಿಲ್ಲ. ತಗ್ಗಿನ ಸದ್ದಿಗೆಂದೇ ಇರುವ ಸ್ಪೀಕರ್, ಅಂದರೆ ಸಬ್‌ವೂಫರ್, ಎಡಕ್ಕೊಂದು ಬಲಕ್ಕೊಂದು ಕೊಳ್ಳುವ ಶಕ್ತಿ ಇರಲಿಲ್ಲ. 12,000 ರೂಪಾಯಿಗೆ ಒಂದೇ ಸಬ್‌ವೂಫರ್ ತಂದು ಎರಡೂ ಚಾನೆಲ್‌ಗಳನ್ನು ಅದಕ್ಕೇ ಜೋಡಿಸಿದೆ. 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಯಾವ ದಿಕ್ಕಿನದೆಂದು ಕಿವಿಗೆ ಸುಲಭವಾಗಿ ತಿಳಿಯುವುದಿಲ್ಲ, ಸದ್ದನ್ನು ಸ್ಪೀಕರ್‌ಗೂ ಸಬ್‌ವೂಫರ್‌ಗೂ ಹಂಚುವ ಗಡಿ, ಅಂದರೆ ಕ್ರಾಸ್‌ಓವರ್, ಅಲ್ಲಿಗೇ ಇಟ್ಟಿದ್ದೇನೆ.

ಮೊದಲ ತಿಂಗಳು ಹಣ ನೀರಿಗೆ ಹಾಕಿದೆನೆಂದೇ ಕೊರಗಿದೆ. ಮೂಲೆಯಲ್ಲಿಟ್ಟದ್ದೇ ತಪ್ಪು. ನಮ್ಮದು ಶಹಾಬಾದ್ ಕಲ್ಲಿನ ನೆಲ, ಬರಿಗೋಡೆ, 14 ಅಡಿ ಉದ್ದದ ಕೋಣೆ. ಅಷ್ಟು ಉದ್ದಕ್ಕೆ 40 ಹರ್ಟ್ಸ್ ಆಸುಪಾಸಿನ ಸದ್ದು ಗೋಡೆಯಿಂದ ಗೋಡೆಗೆ ಪುಟಿದು ಉಬ್ಬುತ್ತದೆ. ಗೋಡೆಗೆ ಒರಗಿ ಕುಳಿತರೆ ಗುಂಯ್‌ಗುಟ್ಟುವುದು, ನಡುಕೋಣೆಗೆ ಬಂದರೆ ಮಾಯ. ಕೆಳಗಿನ ಮನೆಯ ಕಾಕಾ ಮೇಲೆ ಬಂದು, "ತಮ್ಮಾ, ರಾತ್ರಿಯೆಲ್ಲ ಏನು ಕುಟ್ಟುತ್ತೀ?" ಎಂದು ಕೇಳಿದರು.

ಒಂದು ಭಾನುವಾರ ಸಬ್‌ವೂಫರನ್ನೇ ನಾನು ಕೂರುವ ದಿವಾನದ ಮೇಲೇರಿಸಿ, ತಬಲಾ ಸೋಲೋ ಹಚ್ಚಿ, ಗೋಡೆಗುಂಟ ಮಂಡಿಯೂರಿ ಕೇಳುತ್ತಾ ಹೋದೆ. ಎಲ್ಲಿ ಚೊಕ್ಕವಾಗಿ ಕೇಳುವುದೋ ಅಲ್ಲೇ ಅದರ ಜಾಗ. ಅವ್ವನೂ ಜೊತೆಗೆ ಕುಳಿತಳು. ಉದ್ದ ಗೋಡೆಯ ನಡುಭಾಗದಲ್ಲಿ, ಜೋಳದ ಚೀಲಗಳ ಪಕ್ಕ ಕಿವಿಗೊಟ್ಟು, "ಇಲ್ಲಿ ನೋಡು, ಬೋಲು ಬಿಡಿಬಿಡಿಯಾಗಿ ಕೇಳುತ್ತದೆ" ಎಂದಳು. ಬೋಲೆಂದರೆ ತಬಲಾದ ಒಂದೊಂದು ಪೆಟ್ಟಿನ ನುಡಿ. ಅಲ್ಲಿಟ್ಟು, ಸಬ್‌ವೂಫರಿನ ಅಲೆಯನ್ನು ಸ್ಪೀಕರ್‌ಗಳ ಅಲೆಗೆ ಹೊಂದಿಸುವ ಫೇಸ್ ಗುಂಡಿಯನ್ನು ಆಚೀಚೆ ಮಾಡಿ ನೋಡಿದೆ. 180 ಡಿಗ್ರಿಯಲ್ಲಿ ಸದ್ದು ತುಂಬಿಕೊಂಡಿತು. ಅಂಗೈಯ ಬುಡ ಒತ್ತಿ ಜಾರಿಸಿದಾಗ ಡಗ್ಗಾದ ನಾದ ಬಾಗಿ ಮೇಲೇರುವ ಆ ಘುಮಕ ನಮ್ಮ ಕೋಣೆಯಲ್ಲಿ ಕೇಳಿದ್ದು ಅಂದೇ. ಕಾಕಾ ಮತ್ತೆ ಮೇಲೆ ಬಂದಿಲ್ಲ.

ಒಂದು ದೋಷವನ್ನು ಮಾತ್ರ ಕ್ಷಮಿಸಲಾರೆ. ಸದ್ದು ಸಣ್ಣದಿದ್ದರೆ ಈ ಸಬ್‌ವೂಫರ್ ತಾನಾಗಿಯೇ ಮಲಗಿಬಿಡುತ್ತದೆ, ಸದಾ ಎಚ್ಚರವಿಡುವ ಗುಂಡಿಯನ್ನೇ ಕೊಟ್ಟಿಲ್ಲ. ನಸುಕಿನಲ್ಲಿ ಸಣ್ಣ ದನಿಯಲ್ಲಿ ಕೇಳುವವನು ನಾನು. ತಬಲಾ ಇಲ್ಲದ ಆಲಾಪ ಮುಗಿದು ಠೇಕಾ, ಅಂದರೆ ತಬಲಾದ ತಾಳ, ಶುರುವಾಗುವ ಹೊತ್ತಿಗೆ ಇದಕ್ಕೆ ಗಾಢ ನಿದ್ದೆ. ಮೊದಲ 'ಧಾ' ಬರಿ ತಗಡು. ಈಗ ಆಲಾಪ ಮುಗಿಯುವ ಸೂಚನೆ ಸಿಕ್ಕೊಡನೆ ಚಹಾದ ಲೋಟ ಕೆಳಗಿಟ್ಟು ಎದ್ದು, ಕೆಂಪು ದೀಪ ಹಸಿರಾಗುವವರೆಗೆ ವಾಲ್ಯೂಮ್ ಏರಿಸಿ, ಮತ್ತೆ ಇಳಿಸಿ, ಸಮ್, ಅಂದರೆ ತಾಳದ ಮೊದಲ ಪೆಟ್ಟು, ಬೀಳುವ ಮುನ್ನ ದಿವಾನಕ್ಕೆ ಮರಳುತ್ತೇನೆ.