‘ಭದ್ರಾವತಿ ಉಕ್ಕಿನ ಮಡಚುವ ಚಾಕು’ ಅಂತ ಬಂದರೆ ದುಡ್ಡು ಹಾಕಬೇಡಿ

ನಿನ್ನೆ ಸಂಜೆ ಅದೇ ಫೋಟೊ ಮತ್ತೆ ಬಂತು. ಈ ಸಲ ತೀರ್ಥಹಳ್ಳಿ ಕಡೆಯ ಒಂದು ವಾಟ್ಸಾಪ್ ಗುಂಪಿನಲ್ಲಿ. ಮರದ ಹಿಡಿ, ಹಿತ್ತಾಳೆ ರಿವೆಟ್, ಕಪ್ಪು ಅಲಗು, ಹಿಂದೆ ಕುಲುಮೆಯ ಬೆಂಕಿ. ಕೆಳಗೆ ಅದೇ ಸಾಲು: ‘ಅಜ್ಜನ ಕಾಲದ ಮಡಚುವ ಚಾಕು, ಭದ್ರಾವತಿ ಉಕ್ಕು, ಕೈಯಲ್ಲೇ ಬಡಿದದ್ದು.’ ಬೆಲೆ ಮಾತ್ರ 450 ಇದ್ದದ್ದು 550 ಆಗಿದೆ. ನೋಡಿ ಸುಮ್ಮನಿರಲು ಆಗಲಿಲ್ಲ. ಎರಡು ತಿಂಗಳಿಂದ ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಮನೆಯವರನ್ನು ಬಿಟ್ಟರೆ ಪಕ್ಕದ ತೋಟದ ಭಾವನಿಗೆ ಮಾತ್ರ ಗೊತ್ತು. ಅವನಿಗೆ ಗೊತ್ತಾದದ್ದೂ ಬೆರಳಿಗೆ ಮೂರು ಹೊಲಿಗೆ ಬಿದ್ದ ಮೇಲೆ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಇಷ್ಟು ಸಾಕು: ಆ ಚಾಕಿಗೆ ಹಣ ಹಾಕಬೇಡಿ.

ನಮ್ಮ ಕಡೆ ತೋಟಕ್ಕೆ ಹೋಗುವವರ ಜೇಬಿನಲ್ಲಿ ಒಂದು ಮಡಚುವ ಚಾಕು ಇದ್ದೇ ಇರುತ್ತದೆ. ಮೆಣಸಿನ ಬಳ್ಳಿಯ ದಾರ ಕೊಯ್ಯಲು, ಬಾಳೆ ಎಲೆ ತೆಗೆಯಲು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲು. ಕಸಿ ಕಟ್ಟಲಿಕ್ಕೂ ಅದೇ. ಅಪ್ಪನ ಚಾಕು ಊರಿನ ಆಚಾರಿ ಮಾಡಿಕೊಟ್ಟದ್ದು. ಮಸೆದು ಮಸೆದು ಅಲಗು ಅರ್ಧ ಅಗಲಕ್ಕೆ ಇಳಿದಿತ್ತು. ಆದರೂ ಬೆಳಿಗ್ಗೆ ನಾಲ್ಕು ಸಲ ಕಲ್ಲಿಗೆ ಎಳೆದರೆ ಸಂಜೆವರೆಗೆ ಚಿಂತೆ ಇರಲಿಲ್ಲ. ಕಳೆದ ವರ್ಷ ಅಡಿಕೆ ಕೊನೆ ಕೊಯ್ಲಿನ ಗಡಿಬಿಡಿಯಲ್ಲಿ ಅದು ತೋಟದ ಬಸಿಗಾಲುವೆಯಲ್ಲಿ ಎಲ್ಲೋ ಬಿದ್ದು ಹೋಯಿತು. ಎರಡು ದಿನ ಹುಡುಕಿದೆ. ಸಿಗಲಿಲ್ಲ. ಆ ಆಚಾರಿಯೂ ಈಗಿಲ್ಲ, ಕುಲುಮೆಯೂ ಮುಚ್ಚಿದೆ.

ಅಂಥ ಹೊತ್ತಿನಲ್ಲಿ ಈ ಫೋಟೊ ಕಂಡಿತು. ಮೆಸೇಜ್ ಹಾಕಿದೆ. ಐದೇ ನಿಮಿಷಕ್ಕೆ ಫೋನ್ ಬಂತು. ‘ಅಣ್ಣಾ, ನೀವು ಅಡಿಕೆ ತೋಟದವರಾ? ನಿಮಗೆ ಚಾಕು ಅಂದ್ರೆ ಏನು ಅಂತ ನಾನು ಹೇಳ್ಬೇಕಾ?’ ಅಂದ. ಭದ್ರಾವತಿ ಕಾರ್ಖಾನೆಯ ಹಳೇ ಉಕ್ಕಿನಿಂದ ಮಾಡಿದ ಸ್ಪ್ರಿಂಗ್ ಪಟ್ಟಿ ತಂದು, ಕಾಯಿಸಿ, ಬಡಿದು, ಎಣ್ಣೆಯಲ್ಲಿ ಹದ ಹಾಕ್ತೀವಿ ಅಂದ. ನಮ್ಮ ದೇಶದ ಹಳೇ ಕಾಲದ ಉಕ್ಕನ್ನು ಪರದೇಶದವರು ‘ವೂಟ್ಜ್’ ಅಂತ ಕರೆಯೋದು ನಮ್ಮ ‘ಉಕ್ಕು’ ಅನ್ನೋ ಮಾತನ್ನೇ ಅಣ್ಣಾ ಅಂದ. ಆ ಮಾತು ನಾನೂ ಮೊದಲೇ ಓದಿದ್ದೆ. ಭದ್ರಾವತಿಯಲ್ಲಿ 1923ರಿಂದ ಕಬ್ಬಿಣ ಕರಗಿಸಿದ್ದಾರೆ, ನನ್ನ ಚಿಕ್ಕಪ್ಪನೇ ಅಲ್ಲಿ ಕೆಲಸ ಮಾಡಿ ನಿವೃತ್ತಿಯಾದವರು. ಶಿವಮೊಗ್ಗ ಜಿಲ್ಲೆಯವರಿಗೆ ಭದ್ರಾವತಿ ಅಂದರೆ ಎಷ್ಟು ನಂಬಿಕೆ ಅಂತ ನಿಮಗೆ ಗೊತ್ತಲ್ಲ. ಅವನಿಗೂ ಗೊತ್ತಿತ್ತು. ನಾಲ್ಕು ನಿಜದ ನಡುವೆ ಒಂದು ಸುಳ್ಳು ಇಟ್ಟು ಮಾರಿದ.

ಒಂದು ತೆಗೆದುಕೊಳ್ಳಬೇಕು ಅಂತಿದ್ದವನು ಐದು ತೆಗೆದುಕೊಂಡೆ. ನನಗೆ ಒಂದು, ಭಾವನಿಗೆ ಒಂದು, ಮಾವನ ಮನೆಗೆ ಒಂದು, ಕೊನೆ ತೆಗೆಯಲು ಬರುವವರಿಗೆ ಎರಡು. 2,250 ರೂಪಾಯಿ, ಮೇಲೆ ಪಾರ್ಸೆಲ್‌ಗೆ 150. ಫೋನ್‌ಪೇ ಮಾಡಿದೆ. ಬಸ್ಸಿನಲ್ಲಿ ಕಳಿಸಿದ, ಸ್ಟ್ಯಾಂಡಿಗೆ ಹೋಗಿ ತಂದೆ. ಬಿಲ್ ಕೇಳಿದೆ. ‘ಕೈಕೆಲಸ ಅಲ್ವಾ ಅಣ್ಣಾ, ಬಿಲ್ ಎಲ್ಲಿಂದ?’ ಅಂದ. ಸರಿ ಅಂದುಕೊಂಡೆ. ಕುಲುಮೆಯಲ್ಲಿ ಬಿಲ್ ಕೊಡುವವರನ್ನು ನಾನಂತೂ ನೋಡಿಲ್ಲ.

ಚಾಕು ನೋಡಲು ಚೆನ್ನಾಗಿತ್ತು. ಅದನ್ನು ಒಪ್ಪಲೇಬೇಕು. ಅಲಗಿನ ಮೇಲೆ ಕುಲುಮೆಯಿಂದ ಈಗಷ್ಟೇ ತೆಗೆದಂಥ ಮಸಿ. ಹಿಡಿಯ ತುದಿಯಲ್ಲಿ ತಿರುಗಿಸುವ ಕಬ್ಬಿಣದ ಉಂಗುರ, ಬಿಚ್ಚಿದ ಅಲಗು ತಾನೇ ಮಡಚದ ಹಾಗೆ ಹಿಡಿಯಲಿಕ್ಕೆ. ‘ಫ್ರಾನ್ಸಿನ ಒಪಿನೆಲ್ ಲಾಕ್ ಅಣ್ಣಾ’ ಅಂತ ವಿಡಿಯೊ ಕಳಿಸಿದ್ದ. ಕೈಯ ಕೂದಲೂ ಬೋಳಿಸಿತು. ಹೊಸ ಚಾಕು ಕೂದಲು ಬೋಳಿಸಿದರೆ ಒಳ್ಳೆ ಚಾಕು ಅಂದುಕೊಂಡೆ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಸಾಣೆ ಹಿಡಿದರೆ ಯಾವ ತಗಡೂ ಒಂದು ಸಲ ಕೂದಲು ಬೋಳಿಸುತ್ತದೆ.

ಈಗ ಹೇಳಲು ಹೊಟ್ಟೆ ಉರಿಯುವ ಭಾಗ.

ನಮ್ಮ ಸೋದರಮಾವನ ಮನೆಯ ಹೊಳೆ ದಂಡೆಯಲ್ಲಿ ಒಂದು ಜೀರಿಗೆ ಅಪ್ಪೆ ಮರ ಇತ್ತು. ಜೀರಿಗೆ ಪರಿಮಳದ, ಮಿಡಿ ಉಪ್ಪಿನಕಾಯಿಗೆ ಹಾಕುವ ಮಾವು. ಮಿಡಿಯ ತೊಟ್ಟು ಮುರಿದರೆ ಸೊನೆಯ ಪರಿಮಳ ಜಗಲಿವರೆಗೆ ಬರುತ್ತಿತ್ತು. ಉಪ್ಪಿನಲ್ಲಿ ಹಾಕಿದ ಮಿಡಿ ಎರಡು ವರ್ಷ ಇಟ್ಟರೂ ಗಟ್ಟಿ. ಮರಕ್ಕೆ ವಯಸ್ಸಾಗಿತ್ತು, ಬೇರಿನ ಮಣ್ಣನ್ನು ಹೊಳೆ ಕೊರೆಯುತ್ತಿತ್ತು. ಕಸಿ ಮಾಡಿ ಉಳಿಸಿಕೊಳ್ಳಬೇಕು ಅಂತ ಎರಡು ವರ್ಷದಿಂದ ಬೇರುಸಸಿ, ಅಂದರೆ ಕಸಿ ಕಟ್ಟಲು ಬುಡಕ್ಕೆ ಬೇಕಾದ ಸಸಿ, ಬೆಳೆಸಿದ್ದೆ. ಜುಲೈ ಮೊದಲ ವಾರ ಹೋಗಿ ಆ ಮರದಿಂದ ಕಸಿಗೆ 40 ಕಡ್ಡಿ ತಂದೆ. ಹತ್ತು ದಿನ ಮೊದಲೇ ಮಾವನಿಗೆ ಹೇಳಿ ಎಲೆ ಸವರಿಸಿದ್ದೆ, ಮೊಗ್ಗು ಉಬ್ಬಿ ಬಂದಿದ್ದವು. ಅಷ್ಟು ಒಳ್ಳೆ ಕಡ್ಡಿ.

ಮೃದುಕಾಂಡ ಕಸಿ, ಅಂದರೆ ಸಸಿಯ ಎಳೆ ಕಾಂಡ ಸೀಳಿ ಕಡ್ಡಿ ಕೂರಿಸುವುದು, ಮಾಡಿದವರಿಗೆ ಗೊತ್ತು. ಕಡ್ಡಿಯ ಬುಡವನ್ನು ಎರಡು ಕಡೆಯಿಂದ ಬೆಣೆಯ ಹಾಗೆ ಕೊಯ್ಯಬೇಕು, ಒಂದೇ ಎಳೆತಕ್ಕೆ. ಕೊಯ್ದ ಜಾಗ ಗಾಜಿನ ಹಾಗೆ ನುಣ್ಣಗಿರಬೇಕು. ಕಡ್ಡಿಯ ಸಿಪ್ಪೆಯ ಒಳಗಿನ ಹಸಿರು ಪದರ ಸಸಿಯ ಹಸಿರು ಪದರಕ್ಕೆ ಕೂತರೆ ಮಾತ್ರ ಕೂಡಿಕೊಳ್ಳುವುದು. ಅಲಗು ಜಗಿದರೆ ಮುಗಿಯಿತು. ನಡುವೆ ಸಂದಿ ಉಳಿದು ನೀರು ನಿಂತು ಕಪ್ಪಾಗುತ್ತದೆ.

ಮೊದಲ ಐದಾರು ಕಡ್ಡಿ ಚೆನ್ನಾಗಿ ಕೊಯ್ಯಿತು. ಏಳನೆಯದಕ್ಕೆ ಎಳೆಯತೊಡಗಿತು. ಬೆಳಕಿಗೆ ಹಿಡಿದು ನೋಡಿದರೆ ಅಲಗಿನ ಬಾಯಿ ಒಂದು ಕಡೆಗೆ ಮಡಚಿತ್ತು. ಮಸೆದೆ. ಎರಡು ಕಡ್ಡಿಗೆ ಮತ್ತೆ ಅದೇ ಕಥೆ. ಆಗಲೇ ಚಾಕು ಮಾರಿದವನಿಗೆ ಫೋಟೊ ಕಳಿಸಿ ಕೇಳಿದೆ. ಕೂಡಲೇ ವಾಯ್ಸ್ ಮೆಸೇಜ್ ಬಂತು. ಅದು ಇನ್ನೂ ನನ್ನ ಫೋನಿನಲ್ಲಿದೆ: ‘ಅಣ್ಣಾ, ಹೊಸ ಉಕ್ಕು ಅಲ್ವಾ, ಐದಾರು ಸಲ ಮಸೀಬೇಕು, ಆಮೇಲೆ ಅಲಗು ಕೂರುತ್ತೆ. ಧೈರ್ಯವಾಗಿ ಮಾಡಿ.’

ಧೈರ್ಯವಾಗಿ ಮಾಡಿದೆ. ಅವನ ಮಾತು ನಂಬಿ ಉಳಿದ 30 ಕಡ್ಡಿಯನ್ನೂ ಅದರಲ್ಲೇ ಕೊಯ್ದೆ. ಹೊರಗೆ ಮಳೆ, ಸಂಜೆಯಾಗುತ್ತಿತ್ತು, ಕಡ್ಡಿ ಮರುದಿನಕ್ಕೆ ಇಟ್ಟರೆ ಬಾಡುತ್ತವೆ ಎಂಬ ಹೆದರಿಕೆ. ಮನೆಯಲ್ಲಿ ಶೇವಿಂಗ್ ಬ್ಲೇಡ್ ಇತ್ತು. ಅದರಲ್ಲಿ ಕೊಯ್ದಿದ್ದರೂ ಆಗುತ್ತಿತ್ತು. ‘ಕೂರುತ್ತೆ’ ಅಂದನಲ್ಲ ಅಂತ ಮಸೆಯುತ್ತಲೇ ಹೋದೆ. ತಪ್ಪು ನನ್ನ ಕೈಯದ್ದು, ನಾನೇ ಸರಿಯಾಗಿ ಮಸೆಯುತ್ತಿಲ್ಲ ಅಂತ ನನ್ನನ್ನೇ ಬೈದುಕೊಂಡೆ. ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಐಸ್‌ಕ್ಯಾಂಡಿ ಕವರ್ ಹಾಕಿ ಕಟ್ಟಿ, ರಾತ್ರಿ ಎಂಟಕ್ಕೆ ಎದ್ದೆ.

ಹನ್ನೆರಡನೇ ದಿನಕ್ಕೆ ಕಡ್ಡಿಗಳು ಒಂದೊಂದೇ ಕಪ್ಪಾದವು. 40ರಲ್ಲಿ ಉಳಿದದ್ದು 3. ಅಪ್ಪನ ಚಾಕಿನಲ್ಲಿ ನನ್ನ ಇದೇ ಕೈ 40ಕ್ಕೆ 25 ಬದುಕಿಸುತ್ತಿತ್ತು. ಮತ್ತೆ ಕಡ್ಡಿ ತರೋಣ ಅಂದರೆ ಅದೇ ತಿಂಗಳ ಕೊನೆಯ ಗಾಳಿಮಳೆಗೆ ಮರವೇ ಹೊಳೆಗೆ ಉರುಳಿತು. ಮಾವ ಫೋನ್ ಮಾಡಿ ‘ಕಸಿ ಎಷ್ಟು ಬಂದಿದೆಯೋ?’ ಅಂತ ಕೇಳಿದರು. ನನಗೆ ಉತ್ತರ ಬಾಯಿಗೆ ಬರಲಿಲ್ಲ.

ಅದೇ ವಾರ ಭಾವ ಗೊಬ್ಬರದ ಚೀಲ ಬಿಚ್ಚುವಾಗ ಚಾಕು ತಾನೇ ಮಡಚಿಕೊಂಡು ಅವನ ತೋರುಬೆರಳಿಗೆ ಕೂತಿತು. ಉಂಗುರ ತಿರುಗಿಸಿಯೇ ಇದ್ದ. ಆ ಉಂಗುರ ಏನನ್ನೂ ಹಿಡಿಯುವುದಿಲ್ಲ, ಸುಮ್ನೆ ತಿರುಗುತ್ತದೆ ಅಷ್ಟೇ! ಮೂರು ಹೊಲಿಗೆ, ಒಂದು ಟಿಟಿ ಇಂಜೆಕ್ಷನ್. ಭಾವ ಏನೂ ಅನ್ನಲಿಲ್ಲ. ‘ನೀನು ಪ್ರೀತಿಯಿಂದ ಕೊಟ್ಟಿದ್ದೆ ಮಾರಾಯ, ಬಿಡು’ ಅಂದ. ಬೈದಿದ್ದರೆ ಎಷ್ಟೋ ಹಗುರ ಆಗುತ್ತಿತ್ತು.

ಆಮೇಲೆ ಹೊಸನಗರದ ಕಡೆ ಇನ್ನೂ ಕುಲುಮೆ ನಡೆಸುತ್ತಿರುವ ಒಬ್ಬರು ಆಚಾರಿಯ ಹತ್ತಿರ ಐದೂ ಚಾಕು ಒಯ್ದೆ. ಅವರು ಮಾತೇ ಆಡಲಿಲ್ಲ. ಸೀಮೆಎಣ್ಣೆ ಬಟ್ಟೆ ತೆಗೆದು ಅಲಗು ಒರೆಸಿದರು. ಬಟ್ಟೆ ಕಪ್ಪಾಯಿತು. ಇನ್ನೊಮ್ಮೆ ಒರೆಸಿದರು. ಕುಲುಮೆಯ ಮಸಿ ಅಂತ ನಾನು ಖುಷಿಪಟ್ಟದ್ದು ಬಣ್ಣ. ಪೇಂಟು! ಒಳಗೆ ಬೆಳ್ಳಗೆ ಹೊಳೆಯುವ ನುಣ್ಣನೆಯ ತಗಡು. ಒಂದೇ ಒಂದು ಸುತ್ತಿಗೆ ಪೆಟ್ಟಿನ ಗುರುತಿಲ್ಲ. ಶೀಟನ್ನು ಯಂತ್ರದಲ್ಲಿ ಕತ್ತರಿಸಿದ ಅಂಚು ಹಾಗೇ ಇತ್ತು. ನಾನು ಆ ಬಟ್ಟೆಯನ್ನೇ ನೋಡುತ್ತ ನಿಂತೆ. ಇಷ್ಟು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೆ, ನೆಂಟರಿಗೆ ತೋರಿಸಿದ್ದೆ, ‘ಭದ್ರಾವತಿ ಉಕ್ಕು’ ಅಂತ ಚಿಕ್ಕಪ್ಪನಿಗೂ ಹೇಳಿದ್ದೆ. ಒಂದು ಸಲ ಸೀಮೆಎಣ್ಣೆಯಲ್ಲಿ ಒರೆಸಿ ನೋಡಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ಅವರು ಅರ (ಕಬ್ಬಿಣ ಉಜ್ಜುವ ಫೈಲು) ತೆಗೆದು ಅಲಗಿನ ಬಾಯಿಗೆ ಎಳೆದರು. ಹದ ಹಾಕಿದ, ಅಂದರೆ ಕಾಯಿಸಿ ಅದ್ದಿ ಗಟ್ಟಿ ಮಾಡಿದ ಉಕ್ಕಾದರೆ ಅರ ಗಾಜಿನ ಮೇಲೆ ಹೋದ ಹಾಗೆ ಜಾರಬೇಕು. ಇದಕ್ಕೆ ಕಚಕ್ಕನೆ ಕಚ್ಚಿ ಪುಡಿ ಉದುರಿಸಿತು. ಸಾಣೆ ಚಕ್ರಕ್ಕೂ ಹಿಡಿದು ತೋರಿಸಿದರು. ಪಕ್ಕದಲ್ಲಿದ್ದ ಲಾರಿ ಸ್ಪ್ರಿಂಗ್ ತುಂಡಿನ ಕಿಡಿ ಹೂವಿನ ಹಾಗೆ ಕವಲೊಡೆದು ಸಿಡಿಯಿತು. ನನ್ನ ಚಾಕಿನ ಕಿಡಿ ಉದ್ದಕ್ಕೆ ಗೆರೆಯ ಹಾಗೆ ಹೋಗಿ ಆರಿತು. ‘ಇದು ಮೊಳೆ ಮಾಡೋ ಕಬ್ಬಿಣ ಮಾರಾಯ್ರೆ. ಇದ್ರಲ್ಲಿ ಇಂಗಾಲವೇ ಇಲ್ಲ ಅನ್ನಿ. ಕೆಂಪಗೆ ಕಾಯ್ಸಿ ಯಾವ ಎಣ್ಣೆಗೆ ಅದ್ದಿದ್ರೂ ಗಟ್ಟಿ ಆಗೂದಿಲ್ಲ’ ಅಂದರು. ಐದಾರು ಸಲ ಮಸೆದರೆ ಕೂರುತ್ತದೆ ಅಂದದ್ದು ಪೂರ್ತಿ ಸುಳ್ಳು. ಐನೂರು ಸಲ ಮಸೆದರೂ ಕೂರುವುದಿಲ್ಲ.

ಅಲ್ಲಿಂದಲೇ ಚಾಕು ಮಾರಿದವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ವಿಡಿಯೊ ಮಾಡಿ ಕಳಿಸಿದೆ. ಮರುದಿನ ಉತ್ತರ ಬಂತು. ಅಣ್ಣಾ ಹೋಗಿ ಸರ್ ಆಗಿದ್ದೆ.

‘ಸರ್, ಕೈಕೆಲಸದಲ್ಲಿ ಒಂದಕ್ಕೊಂದು ವ್ಯತ್ಯಾಸ ಇರುತ್ತೆ.’ ಐದಕ್ಕೆ ಐದೂ ಹೀಗೇ ಇವೆ ಅಂದೆ.

‘ಸರ್, ನಿಮ್ಮ ಆಚಾರಿಗೆ ಈ ಉಕ್ಕು ಗೊತ್ತಿಲ್ಲ.’ ಆ ಮನುಷ್ಯನ ಅರ್ಧ ಆಯುಷ್ಯ ಕುಲುಮೆ ಮುಂದೆ ಕಳೆದಿದೆ!

‘450 ರೂಪಾಯಿಗೆ ಇನ್ನೇನು ಬೇಕಿತ್ತು ಸರ್, ಬಂಗಾರದ ಚಾಕಾ?’ ಈ ಮಾತು ಓದಿದಾಗ ಕೈ ನಡುಗಿತು. ಕಡಿಮೆ ಬೆಲೆ ಹೇಳಿದವನು ನೀನು. ಉಕ್ಕು ಅಂದವನೂ ನೀನು.

ಹಣ ಬೇಡ, ಚಾಕು ವಾಪಸ್ ಕಳಿಸುತ್ತೇನೆ, ಭಾವನ ಆಸ್ಪತ್ರೆ ಖರ್ಚನ್ನಾದರೂ ಕೊಡು ಅಂದೆ. ‘ಚಾಕು ಕಳಿಸೋದು ಆಯುಧ ಕಾಯ್ದೆ ಪ್ರಕಾರ ಅಪರಾಧ ಸರ್. ಪೊಲೀಸ್ ನಿಮ್ಮನ್ನೇ ಹಿಡೀತಾರೆ’ ಅಂತ ಬರೆದ. ಅವನು ನನಗೆ ಬಸ್ಸಿನಲ್ಲಿ ಕಳಿಸಿದ್ದು ಏನು ಹಾಗಾದರೆ? ಅದನ್ನು ಓದಿ ಒಂದು ರಾತ್ರಿ ನಿಜವಾಗಿ ಹೆದರಿದ್ದೆ. ಪರಿಚಯದ ವಕೀಲರನ್ನು ಕೇಳಿದೆ. ಆ ನಿಯಮ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಮಾತು ಹೇಳುತ್ತದೆ, ಮನೆಕೆಲಸಕ್ಕೆ, ಬೇಸಾಯಕ್ಕೆ ಅಂತ ಮಾಡಿದ್ದನ್ನು ಅದರಲ್ಲೂ ಬಿಟ್ಟಿದ್ದಾರೆ ಅಂದರು. ಈ ಚಾಕಿನ ಅಲಗು 3 ಇಂಚು. ಹೆದರಿಸಿ ಬಾಯಿ ಮುಚ್ಚಿಸಲು ಹೇಳಿದ್ದು ಅಷ್ಟೇ. ಕೊನೆಗೆ ‘ಅದು ಶೋಕೇಸಿಗೆ ಇಡೋ ಐಟಂ ಸರ್’ ಅಂತ ಒಂದು ಸಾಲು ಹಾಕಿ ಬ್ಲಾಕ್ ಮಾಡಿದ. ಕಸಿ ಮಾಡಲು ‘ಧೈರ್ಯವಾಗಿ ಮಾಡಿ’ ಅಂದವನು ಇವನೇ! ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಬಿಲ್ ಇಲ್ಲದ್ದರಿಂದ ಫೋನ್‌ಪೇ ದಾಖಲೆ, ಅವನ ವಾಯ್ಸ್ ಮೆಸೇಜ್ ಎರಡನ್ನೂ ಇಟ್ಟುಕೊಂಡಿದ್ದೇನೆ.

ಕಡಿಮೆ ಬೆಲೆಯ ಚಾಕು ಅಂದರೆ ಹೀಗೇ ಅಂತ ಯಾರೂ ಹೇಳಬೇಡಿ. ಅಪ್ಪನ ಚಾಕೂ ಕಡಿಮೆ ಬೆಲೆಯದ್ದೇ. ತಮ್ಮನ ಮಗ ಬೆಂಗಳೂರಿನಿಂದ ನಿಜವಾದ ಒಪಿನೆಲ್ 8ನೇ ನಂಬರ್ ತಂದಿದ್ದ. ಫ್ರಾನ್ಸಿನ ಸವೋಯ್ ಬೆಟ್ಟದ ಕಡೆ 1890ರಿಂದ ಮಾಡುತ್ತಿರುವ ರೈತರ ಚಾಕು ಅದು. ಅದರ ಉಂಗುರ ಅಲಗನ್ನು ನಿಜವಾಗಿ ಹಿಡಿಯುತ್ತದೆ. ಅದಕ್ಕೂ ದೋಷ ಇದೆ. ನಮ್ಮ ಮಳೆಗೆ ಮರದ ಹಿಡಿ ಉಬ್ಬಿ ಅಲಗು ಈಚೆ ಬರುವುದಿಲ್ಲ, ಹಿಡಿಯ ಹಿಂಬದಿಯನ್ನು ಕಲ್ಲಿಗೆ ಕುಟ್ಟಬೇಕು. ಕಾರ್ಬನ್ ಅಲಗು ಒಂದು ರಾತ್ರಿ ಒದ್ದೆಯಲ್ಲಿ ಬಿಟ್ಟರೆ ತುಕ್ಕು. ಕೊಬ್ಬರಿ ಎಣ್ಣೆ ಸವರಿ ಇಡಬೇಕು. ಆದರೆ ಉಕ್ಕು ಅಂತ ಬರೆದಲ್ಲಿ ಉಕ್ಕು ಇದೆ. ಚಾಕಿಗೆ ಬೆಲೆ ಇರುವುದು ಅದಕ್ಕೇ. ಹಿಡಿ ಹೇಗೂ ಇರಲಿ.

ಕೊಳ್ಳುವುದಿದ್ದರೆ ಹಣ ಕೊಡುವ ಮೊದಲು ಹಸಿ ಪೇರಳೆ ಕಡ್ಡಿ ಇಪ್ಪತ್ತು ಸಲ ಕೊಯ್ದು ನೋಡಿ. ಅರ ಎಳೆಯಲು ಬಿಡದವನ ಹತ್ತಿರ ಚಾಕು ಬೇಡ. ಅಣ್ಣಾ ಅಣ್ಣಾ ಅನ್ನುವವನ ಹತ್ತಿರವಂತೂ ಬೇಡವೇ ಬೇಡ.

ಆ ಆಚಾರಿ ಲಾರಿ ಸ್ಪ್ರಿಂಗಿನಲ್ಲಿ ನನಗೊಂದು ಮಾಡಿಕೊಟ್ಟಿದ್ದಾರೆ. 350 ರೂಪಾಯಿ. ಉಂಗುರ ಇಲ್ಲ, ಹೊಳಪಿಲ್ಲ, ಮಡಚಲು ಸ್ವಲ್ಪ ಬಿಗಿ. ನನ್ನೆದುರೇ ಅರ ಜಾರಿಸಿ ತೋರಿಸಿ ಕೊಟ್ಟರು.

ಇನ್ನೊಂದು ಮಾತು. ನಮ್ಮ ಮಾವನ ಮನೆ ಹೊಳೆ ದಂಡೆಯ ಆ ಜೀರಿಗೆ ಅಪ್ಪೆಯ ಕಡ್ಡಿಯನ್ನು ಹಿಂದೆ ಬಹಳ ಜನ ಒಯ್ದಿದ್ದಾರೆ. ಉಳಿದ ಮೂರು ಕಸಿಯಲ್ಲಿ ಒಂದು ಮೊನ್ನೆ ಎಲೆ ಉದುರಿಸಿದೆ. ನಿಮ್ಮಲ್ಲಿ ಯಾರ ತೋಟದಲ್ಲಾದರೂ ಆ ಮರದ ಕಸಿ ಬದುಕಿದ್ದರೆ ದಯವಿಟ್ಟು ತಿಳಿಸಿ. ನಾನೇ ಬಂದು ಒಯ್ಯುತ್ತೇನೆ. ನಾಲ್ಕು ಕಡ್ಡಿ ಸಾಕು.