ಸ್ಯಾಮ್‌ಸಂಗ್ ಜೊತೆ ಕ್ರೂಶಿಯಲ್: ಬೆರಕೆ ರ‍್ಯಾಮ್, ಮೂರು ವರ್ಷದ ಬಳಕೆಯ ನಂತರ

ಲ್ಯಾಪ್‌ಟಾಪ್ ಜೊತೆ ಬಂದದ್ದು 8 ಜಿಬಿಯ ಸ್ಯಾಮ್‌ಸಂಗ್ ಸ್ಟಿಕ್. ಖಾಲಿ ಸ್ಲಾಟ್‌ಗೆ ಹಾಕಿದ್ದು 8 ಜಿಬಿಯ ಕ್ರೂಶಿಯಲ್. ಐ5-9300ಎಚ್ ಪ್ರೊಸೆಸರ್ ಮೇಲೆ ಈ ಜೋಡಿ ಮೂರು ವರ್ಷದಿಂದ ದಿನವಿಡೀ ಓಡುತ್ತಿದೆ. ರ‍್ಯಾಮ್ ದೆಸೆಯಿಂದ ಒಮ್ಮೆಯೂ ಹ್ಯಾಂಗ್ ಆಗಿಲ್ಲ, ನೀಲಿ ಪರದೆ ಬಂದಿಲ್ಲ. ‘ಬೇರೆ ಬ್ರ್ಯಾಂಡ್ ಹಾಕಿದ್ರೆ ಬೋರ್ಡ್ ಹೋಗುತ್ತೆ’ ಅನ್ನುವ ಮಾತನ್ನು ನಂಬಬೇಡಿ. ಹೊಂದಬೇಕಾದ್ದು ಕಂಪನಿಯ ಹೆಸರಲ್ಲ, ಲೇಬಲ್ಲಿನ ಒಂದು ಸಾಲು.

ಹಳೆಯ ಸ್ಟಿಕ್ಕಿನಲ್ಲಿ ಆ ಸಾಲು ಹೀಗಿದೆ: ‘8ಜಿಬಿ 1ಆರ್×8 ಪಿಸಿ4-2666ವಿ’. ಪಿಸಿ4 ಅಂದರೆ ಡಿಡಿಆರ್4 ತಲೆಮಾರಿನ ರ‍್ಯಾಮ್, 2666 ಅಂದರೆ ವೇಗ, 1ಆರ್ ಅಂದರೆ ಒಂದೇ ರ‍್ಯಾಂಕ್ (ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಗುಂಪು), ×8 ಅಂದರೆ ಪ್ರತಿ ಚಿಪ್ ಒಮ್ಮೆಗೆ 8 ಬಿಟ್ ಕೊಡುತ್ತದೆ, ವಿ ಅಂದರೆ ಸಿಎಲ್19 (ಕೇಳಿದ ಡೇಟಾ ಕೊಡಲು ರ‍್ಯಾಮ್ ತಗೊಳ್ಳುವ ಗಡಿಯಾರದ ಬಡಿತಗಳು). ಹೊಸದು 3200, ಸಿಎಲ್22. ಅಂಕಿ ಬೇರೆಯಾದರೂ ಸಮಯ ಹೆಚ್ಚುಕಡಿಮೆ ಒಂದೇ: ಮೊದಲನೆಯದಕ್ಕೆ 14.25 ನ್ಯಾನೊಸೆಕೆಂಡ್, ಎರಡನೆಯದಕ್ಕೆ 13.75. ಪ್ರತಿ ಸ್ಟಿಕ್ಕಿನಲ್ಲೂ ಅದರ ವೇಗದ ವಿವರ ಇಟ್ಟಿರುವ ಎಸ್‌ಪಿಡಿ ಅನ್ನುವ ಪುಟ್ಟ ಚಿಪ್ ಇರುತ್ತದೆ. ಆನ್ ಮಾಡಿದೊಡನೆ ಮೊದಲು ಓಡುವ ಬಯೋಸ್ ತಂತ್ರಾಂಶ ಎರಡನ್ನೂ ಓದಿ, ಎರಡಕ್ಕೂ ಒಗ್ಗುವ ವೇಗಕ್ಕೆ ಇಳಿಸುತ್ತದೆ. ಹಾಗಾಗಿ ಹೊಸದೂ ಇಲ್ಲಿ 2666, ಸಿಎಲ್19ರಲ್ಲೇ ಓಡುತ್ತದೆ. ಈ ಪ್ರೊಸೆಸರಿನ ಮಿತಿಯೇ 2666 ಆದ್ದರಿಂದ ನಷ್ಟವೇನೂ ಇಲ್ಲ. ಡ್ಯುಯಲ್ ಚಾನೆಲ್ (ಎರಡೂ ಸ್ಟಿಕ್‌ಗಳಿಂದ ಏಕಕಾಲಕ್ಕೆ ಡೇಟಾ ಹರಿಯುವುದು) ಸಿಕ್ಕಿದ್ದು ನಿಜವಾದ ಲಾಭ: ಲೆಕ್ಕದ ಪ್ರಕಾರ ಸೆಕೆಂಡಿಗೆ 21.3 ಜಿಬಿ ಇದ್ದದ್ದು 42.6 ಆಗುತ್ತದೆ. ಲ್ಯಾಪ್‌ಟಾಪಿನ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶದಲ್ಲಿ 1333 ಮೆಗಾಹರ್ಟ್ಸ್ ಎಂದು ಕಂಡರೆ ಗಾಬರಿ ಬೇಡ, ಅದರ ಎರಡರಷ್ಟೇ 2666.

ಎಡವುವುದು ಬೇರೆ ಕಡೆ. ಕೆಲವು ‘ಗೇಮಿಂಗ್’ ಸ್ಟಿಕ್‌ಗಳ ಡಬ್ಬಿಯ ಮೇಲೆ 3200 ಇರುತ್ತದೆ, ಆದರೆ ಆ ವೇಗ ಎಕ್ಸ್‌ಎಂಪಿ (ಸ್ಟಿಕ್ಕಿನಲ್ಲೇ ಇರುವ ಹೆಚ್ಚು ವೇಗದ ಸೆಟ್ಟಿಂಗ್) ಹಾಕಿ 1.35 ವೋಲ್ಟ್ ಕೊಟ್ಟರೆ ಮಾತ್ರ. 1.2 ವೋಲ್ಟ್‌ನಲ್ಲಿ ಅವು 2133 ಅಥವಾ 2400ಕ್ಕೇ ನಿಲ್ಲುತ್ತವೆ, ಜೊತೆಗಿರುವ ಒಳ್ಳೆಯ ಸ್ಟಿಕ್ಕನ್ನೂ ಕೆಳಗೆಳೆಯುತ್ತವೆ. ಹೆಚ್ಚಿನ ಲ್ಯಾಪ್‌ಟಾಪ್ ಬಯೋಸ್‌ಗಳಲ್ಲಿ ಎಕ್ಸ್‌ಎಂಪಿ ಆಯ್ಕೆಯೇ ಇಲ್ಲ. ಇನ್ನೊಂದು, 1ಆರ್×16. ಸ್ಟಿಕ್ಕಿನ ಮೇಲೆ ಎಂಟರ ಬದಲು ನಾಲ್ಕೇ ಕಪ್ಪು ಚಿಪ್ ಕಂಡರೆ ಅದು ಇದೇ. ಚಿಪ್ಪಿನೊಳಗಿನ ಮೆಮೊರಿ ವಿಭಾಗಗಳಾದ ಬ್ಯಾಂಕ್ ಗ್ರೂಪ್‌ಗಳು ಅರ್ಧ, ಕೆಲಸ ಮಾಡುತ್ತದೆ ಆದರೆ ತುಸು ನಿಧಾನ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಳ್ಳುವುದಾದರೆ ಹಳೆಯ ಲೇಬಲ್ಲಿನ ಫೋಟೊ ಇಟ್ಟುಕೊಂಡು, ಹೊಸದರ ಲೇಬಲ್ ಓದಿಯೇ ದುಡ್ಡು ಕೊಡಿ. ಒಂದೇ ಬ್ರ್ಯಾಂಡ್, ಒಂದೇ ಮಾಡೆಲ್ ಆದರೂ ಒಳಗಿನ ಚಿಪ್ ಬೇರೆ ಇರಬಹುದು.

ಹಾಕುವಾಗ ಚಾರ್ಜರ್ ತೆಗೆದು, ಬ್ಯಾಟರಿ ಕನೆಕ್ಟರ್ ಬಿಡಿಸಿ. ಸ್ಟಿಕ್ಕನ್ನು ಓರೆಯಾಗಿ, ಚಿನ್ನದ ಅಂಚು ಬಹುತೇಕ ಮರೆಯಾಗುವವರೆಗೆ ತಳ್ಳಿ, ಆಮೇಲೆ ಕೆಳಗೆ ಒತ್ತಿದರೆ ಎರಡೂ ಬದಿಯ ಕ್ಲಿಪ್ ಟಕ್ ಎನ್ನಬೇಕು. ಒಂದೇ ಬದಿ ಕೂತರೆ ಲ್ಯಾಪ್‌ಟಾಪ್ ಆನ್ ಆಗದೇ ಇರಬಹುದು. ಎಷ್ಟೋ ‘ಬ್ರ್ಯಾಂಡ್ ಹೊಂದಲಿಲ್ಲ’ ದೂರುಗಳ ಮೂಲ ಇದೇ. ಮೊದಲ ಸಲ ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇದ್ದರೆ ಕಾಯಿರಿ, ಅದು ಮೆಮೊರಿ ಟ್ರೇನಿಂಗ್, ಅಂದರೆ ಬಯೋಸ್ ಹೊಸ ರ‍್ಯಾಮ್‌ಗೆ ಹೊಂದಿಕೊಳ್ಳುವ ಸಮಯ.

ಅದೇ ರಾತ್ರಿ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್86 ನಾಲ್ಕು ಸುತ್ತು ಓಡಿಸಿ. ಒಂದೇ ಒಂದು ಎರರ್ ಬಂದರೂ ಬಿಡಬೇಡಿ, ಏಕೆಂದರೆ ಅಂಥ ರ‍್ಯಾಮ್ ಫೈಲುಗಳನ್ನು ಸದ್ದಿಲ್ಲದೆ ಕೆಡಿಸುತ್ತದೆ. ಒಂದೊಂದೇ ಸ್ಟಿಕ್ ಹಾಕಿ ಪರೀಕ್ಷಿಸಿ. ಬಿಡಿಯಾಗಿ ಪಾಸಾಗಿ ಜೊತೆಯಲ್ಲಿ ಫೇಲಾದರೆ ಹೊಸದನ್ನು ವಾಪಸ್ ಕೊಡಿ.

8ಕ್ಕೆ 16 ಸೇರಿಸಿದರೂ ನಡೆಯುತ್ತದೆ: ಮೊದಲ 16 ಜಿಬಿ ಡ್ಯುಯಲ್ ಚಾನೆಲ್, ಉಳಿದ 8 ಸಿಂಗಲ್. ಡೆಸ್ಕ್‌ಟಾಪ್ ಡಿಡಿಆರ್5ನಲ್ಲಿ ಮಾತ್ರ ಈ ಧೈರ್ಯ ಬೇಡ. ಎಎಂಡಿಯ ರೈಜನ್ 7000 ಪ್ರೊಸೆಸರ್‌ಗಳಿಗೆ ಎರಡು ಸ್ಟಿಕ್ಕಿದ್ದರೆ ಅಧಿಕೃತ ವೇಗ 5200, ನಾಲ್ಕು ತುಂಬಿದರೆ 3600. ಅಲ್ಲಿ ಹಳೆಯದನ್ನು ಮಾರಿ, ಎರಡು ಸ್ಟಿಕ್ಕಿನ ಒಂದೇ ಕಿಟ್ ತಗೊಳ್ಳಿ.